ಅಮ್ಮ ಬರಲಾಗದ ಬಾಣಂತನ: ಸ್ಟಟ್‌ಗಾರ್ಟಿನಿಂದ ಬಂದ ಪತ್ರಕ್ಕೆ ಉತ್ತರ

ಪ್ರಶ್ನೆ: ನಾವು ಸ್ಟಟ್‌ಗಾರ್ಟಿನಲ್ಲಿದ್ದೇವೆ. ನನಗೀಗ 31ನೆಯ ವಾರ, ಚೊಚ್ಚಲು. ಮೊದಲ ಮೂರು ತಿಂಗಳು ಹಾಸನದಿಂದ ಅಮ್ಮ, ಮುಂದಿನ ಮೂರು ತಿಂಗಳು ತುಮಕೂರಿನಿಂದ ಅತ್ತೆ ಬರುವುದೆಂದು ಎಲ್ಲ ನಿಶ್ಚಯವಾಗಿತ್ತು. ಅಮ್ಮನ ವೀಸಾ ಕೂಡ ಬಂದಿತ್ತು. ಅಷ್ಟರಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಆಗಿದೆ, ಅಮ್ಮ ಅವರನ್ನು ಬಿಟ್ಟು ಹೊರಡುವಂತಿಲ್ಲ. ಅತ್ತೆಯವರನ್ನಾದರೂ ಬೇಗ ಕರೆಸೋಣ ಎಂದರೆ ಅವರ ವೀಸಾ ಅರ್ಜಿ ತಿರಸ್ಕೃತವಾಯಿತು. ನನ್ನ ಗಂಡ ಹೊಸ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದೆ, ಇನ್ನೂ ಪ್ರೊಬೇಷನ್. ಎರಡು ವಾರಕ್ಕಿಂತ ಹೆಚ್ಚು ರಜೆ ಕೇಳಲು ಹೆದರುತ್ತಾರೆ. ಅಪ್ಪನನ್ನು ಅಣ್ಣನ ಮನೆಯಲ್ಲಿ ಬಿಟ್ಟು ಬಾ ಎಂದು ಅಮ್ಮನನ್ನು ಕೇಳಲೇ? ನಾನೇ ಊರಿಗೆ ಹೋಗಿ ಅಲ್ಲೇ ಹೆರಿಗೆ ಮಾಡಿಸಿಕೊಳ್ಳಲೇ? ಬಿದ್ದ ಅಪ್ಪನ ಮೇಲೆ ಸಿಟ್ಟು ಬರುತ್ತದೆ, ಮರುಕ್ಷಣ ನಾಚಿಕೆಯಾಗುತ್ತದೆ.

ಉತ್ತರ: ಆ ಸಿಟ್ಟಿನಿಂದಲೇ ಶುರು ಮಾಡುತ್ತೇನೆ. ಅದು ಅಪ್ಪನ ಮೇಲಿನ ಸಿಟ್ಟಲ್ಲ. ಚೊಚ್ಚಲು ಬಸುರಿಗೆ ತಾನಾಗಿ ಸಿಗಬೇಕಾದ ಒಂದು ಕೈ ತಪ್ಪಿಹೋಗಿದೆ, ಅದಕ್ಕೆ ಕಾರಣವಾದವರು ನೀವು ಅತ್ಯಂತ ಪ್ರೀತಿಸುವವರಲ್ಲೊಬ್ಬರು. ಸಿಟ್ಟು ಹೋಗಿ ಕೂರಲು ಬೇರೆ ಜಾಗ ಇಲ್ಲ. ವಲಸೆ ಕುಟುಂಬಗಳ ನಡುವೆ ಕೆಲಸ ಮಾಡುವ ಆಪ್ತಸಲಹೆಗಾರ್ತಿಯಾಗಿ ನಾನು ಇದನ್ನು ಬಹಳ ಕಂಡಿದ್ದೇನೆ. ಇದಕ್ಕಾಗಿ ನಾಚಿಕೆಪಡಬೇಡಿ. ಆದರೆ ಆ ಸಿಟ್ಟು ಆರುವ ಮೊದಲು ಯಾವ ದೊಡ್ಡ ತೀರ್ಮಾನವನ್ನೂ ಮಾಡಬೇಡಿ. ನಿಮ್ಮ ಎರಡೂ ಪ್ರಶ್ನೆಗಳು ಅದೇ ಬಿಸಿಯಲ್ಲಿ ಹುಟ್ಟಿದವು ಎಂದು ನನಗೆ ಅನ್ನಿಸುತ್ತದೆ.

ಅಮ್ಮನನ್ನು ಕೇಳಬೇಡಿ. ಕೇಳಿದರೆ ಅವರು ಇಲ್ಲ ಎನ್ನುವುದಿಲ್ಲ, ಹೊರಟೇ ಬಿಡುತ್ತಾರೆ. ಸೊಂಟದ ಮೂಳೆ ಮುರಿದ ಹಿರಿಯರಿಗೆ ಮೊದಲ ಮೂರು ತಿಂಗಳು ಬಹಳ ಮುಖ್ಯ: ಏಳಿಸುವುದು, ವಾಕರ್ ಹಿಡಿಸಿ ನಡೆಸುವುದು, ಶೌಚಕ್ಕೆ ಕರೆದೊಯ್ಯುವುದು, ಒಂದೇ ಕಡೆ ಮಲಗಿ ಹುಣ್ಣಾಗದಂತೆ ನೋಡಿಕೊಳ್ಳುವುದು. ಅದನ್ನು ಅಣ್ಣನ ಮನೆಗೆ ದಾಟಿಸಿ ಬಂದರೆ ಅಮ್ಮನ ಮೈ ಸ್ಟಟ್‌ಗಾರ್ಟಿನಲ್ಲಿ, ಮನಸ್ಸು ಹಾಸನದಲ್ಲಿ. ಅಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಆ ಭಾರವನ್ನು ನೀವಿಬ್ಬರೂ ಬಹುಕಾಲ ಹೊರಬೇಕಾಗುತ್ತದೆ. ‘ಅಮ್ಮಾ, ನೀನು ಈಗ ಬರಬೇಡ, ಅಪ್ಪ ನಡೆಯುವಂತಾದ ಮೇಲೆ ಬಾ’ ಎಂದು ನೀವೇ ಮೊದಲು ಹೇಳಿ. ಈ ಮಾತು ಅವರ ಬಾಯಿಂದ ಬರಲಿ ಎಂದು ಕಾಯಬೇಡಿ. ಮಗಳ ಬಾಣಂತನಕ್ಕೆ ಬರುವುದಿಲ್ಲ ಎನ್ನಲು ಯಾವ ತಾಯಿಗೂ ನಾಲಿಗೆ ಏಳುವುದಿಲ್ಲ.

ಊರಿಗೆ ಹೋಗುವ ವಿಚಾರ. ಹಾರುವುದಕ್ಕೆ ಇನ್ನೂ ಅವಕಾಶವಿದೆ ಎನ್ನುವುದೇ ನಿಮ್ಮನ್ನು ಕಾಡುತ್ತಿರಬಹುದು. ಸಾಮಾನ್ಯವಾಗಿ 28 ವಾರ ದಾಟಿದವರಿಂದ ವಿಮಾನ ಸಂಸ್ಥೆಗಳು ವೈದ್ಯರ ಪತ್ರ ಬಯಸುತ್ತವೆ, 36 ವಾರವಾದ ಮೇಲೆ ಹತ್ತಿಸಿಕೊಳ್ಳುವುದಿಲ್ಲ. ಆದರೆ ಹೋಗಿ ಇಳಿಯುವ ಮನೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ: ಒಂದು ಕೋಣೆಯಲ್ಲಿ ಅಪ್ಪ, ಇನ್ನೊಂದರಲ್ಲಿ ಬಾಣಂತಿ ಮತ್ತು ಕೂಸು, ನಡುವೆ ಓಡಾಡುವ ಒಬ್ಬಳೇ ಅಮ್ಮ. ಹೆರಿಗೆಯ ಖರ್ಚಿಗೆ ನಿಮ್ಮ ಜರ್ಮನ್ ಆರೋಗ್ಯ ವಿಮೆ ಅಲ್ಲಿ ನಡೆಯುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಕೂಸಿನ ಕಾಗದ. ಜರ್ಮನಿಯಲ್ಲಿ ಹುಟ್ಟಿದ ಮಗುವಿಗೆ ಆರು ತಿಂಗಳೊಳಗೆ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿ ಕೇಳಿದರಾಯಿತು. ಭಾರತದಲ್ಲಿ ಹುಟ್ಟಿದರೆ ಮೊದಲು ಪಾಸ್‌ಪೋರ್ಟ್, ಆಮೇಲೆ ಕುಟುಂಬ ಸೇರುವ ದೀರ್ಘಾವಧಿ ವೀಸಾ, ಅದಕ್ಕೆ ಕಾನ್ಸುಲೇಟಿನಲ್ಲಿ ಸರದಿ. ಅದು ಎಷ್ಟು ದಿನ ಹಿಡಿಯುತ್ತದೆ ಎನ್ನುವುದು ನಿಮ್ಮ ಕೈಯಲ್ಲಿರುವುದಿಲ್ಲ. ಅಷ್ಟೂ ಕಾಲ ಮಗುವಿನ ಅಪ್ಪ ಫೋನಿನ ಪರದೆಯಲ್ಲಿರುತ್ತಾನೆ. ನನ್ನ ಅಭಿಪ್ರಾಯ ಸ್ಪಷ್ಟ: ಹೋಗಬೇಡಿ.

ಹಾಗಾದರೆ ಬಾಣಂತನ ಯಾರು ಮಾಡಬೇಕು? ನಿಮ್ಮ ಗಂಡ. ‘ಸಹಾಯ ಮಾಡಲಿ’ ಎಂದು ನಾನು ಹೇಳುತ್ತಿಲ್ಲ, ಬಾಣಂತನವನ್ನೇ ಅವರು ವಹಿಸಿಕೊಳ್ಳಲಿ ಎನ್ನುತ್ತಿದ್ದೇನೆ. ನಮ್ಮಲ್ಲಿ ಬಾಣಂತಿ ಕೋಣೆಯಿಂದ ಗಂಡಸನ್ನು ಹೊರಗಿಟ್ಟದ್ದಕ್ಕೆ ಮನೆ ತುಂಬ ಹೆಂಗಸರಿದ್ದದ್ದೂ ಒಂದು ಕಾರಣ. ನೀವಿರುವ ಎರಡು ಕೋಣೆಯ ಮನೆಯಲ್ಲಿ ಇರುವವರು ಇಬ್ಬರೇ. ನಿಮ್ಮ ಪತ್ರದಲ್ಲಿ ಅಮ್ಮ, ಅತ್ತೆ, ಅಣ್ಣ ಎಲ್ಲರ ಪಾತ್ರವೂ ಇದೆ, ಗಂಡನ ಪಾತ್ರ ಮಾತ್ರ ಎರಡು ವಾರದ ರಜೆ. ಅದು ಬದಲಾಗಬೇಕು, ಮತ್ತು ಅದಕ್ಕೆ ಕಾನೂನು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಅನುಕೂಲವಾಗಿದೆ.

ಇದನ್ನು ನಿಧಾನವಾಗಿ, ಇಬ್ಬರೂ ಕುಳಿತು ಓದಿ. ಎಲ್ಟರ್ನ್‌ಟ್ಸೈಟ್, ಅಂದರೆ ಪೋಷಕರ ರಜೆ, ತಂದೆಗೂ ಇರುವ ಹಕ್ಕು. ಮಾಲೀಕರು ದಯೆಯಿಂದ ಕೊಡುವ ರಜೆ ಅಲ್ಲ. ಪ್ರೊಬೇಷನ್‌ನಲ್ಲಿದ್ದರೂ ಸಿಗುತ್ತದೆ. ಮಗು ಹುಟ್ಟಿದ ದಿನದಿಂದಲೇ ಬೇಕಿದ್ದರೆ ಹೆರಿಗೆಯ ನಿರೀಕ್ಷಿತ ದಿನಕ್ಕೆ 7 ವಾರ ಮೊದಲು ತಿಳಿಸಬೇಕು. ಈಗ ಇ-ಮೇಲ್ ಸಾಕು, ಆದರೆ ತಲುಪಿತು ಎಂಬ ಉತ್ತರವನ್ನು ಕೇಳಿ ಪಡೆದಿಟ್ಟುಕೊಳ್ಳಿ. ರಜೆ ಕೇಳಿದವರನ್ನು ಕೆಲಸದಿಂದ ತೆಗೆಯದಂತೆ ವಿಶೇಷ ರಕ್ಷಣೆಯೂ ಇದೆ. ಅದು ಕೇಳಿದ ದಿನದಿಂದ ಶುರುವಾಗುತ್ತದೆ, ಆದರೆ ರಜೆ ಆರಂಭವಾಗುವುದಕ್ಕೆ 8 ವಾರಕ್ಕಿಂತ ಮೊದಲೇ ಕೇಳಿದರೆ ನಡುವಿನ ದಿನಗಳಿಗೆ ಅದು ಅನ್ವಯಿಸುವುದಿಲ್ಲ. ಹೀಗಾಗಿ ಹೊಸ ಕೆಲಸದಲ್ಲಿರುವವರಿಗೆ ಸುರಕ್ಷಿತವಾದದ್ದು 8ಕ್ಕೂ 7ಕ್ಕೂ ನಡುವಿನ ಆ ಒಂದು ವಾರ. ನಿಮ್ಮ ಲೆಕ್ಕದಲ್ಲಿ ಅದು 32 ತುಂಬಿ 33 ತುಂಬುವವರೆಗಿನ ವಾರ. ನಿಮಗೀಗ 31. ತಡಮಾಡುವ ಹಾಗಿಲ್ಲ, ಇವತ್ತೇ ಕಳುಹಿಸುವ ಆತುರವೂ ಬೇಡ. ಕ್ಯಾಲೆಂಡರಿನಲ್ಲಿ ಆ ವಾರವನ್ನು ಗುರುತು ಮಾಡಿ.

ಇನ್ನೊಂದು ಮಾತು. ಮುಂದಿನ ಎರಡು ವರ್ಷದೊಳಗೆ ಯಾವಾಗೆಲ್ಲ ರಜೆ ಎಂಬುದನ್ನು ಆ ಒಂದೇ ಪತ್ರದಲ್ಲಿ ಬರೆದುಕೊಡಬೇಕಾಗುತ್ತದೆ. ಆಮೇಲೆ ಬದಲಿಸಲು ಸಂಸ್ಥೆಯ ಒಪ್ಪಿಗೆ ಬೇಕು. ಹಾಗಾಗಿ ಹಣದ ಲೆಕ್ಕವನ್ನೂ ಈಗಲೇ ಮಾಡಿ. ರಜೆ ಬೇರೆ, ಹಣ ಬೇರೆ. ಎಲ್ಟರ್ನ್‌ಗೆಲ್ಡ್ ಎಂಬ ಭತ್ಯೆ ಸಾಮಾನ್ಯವಾಗಿ ಕೈಗೆ ಬರುತ್ತಿದ್ದ ಸಂಬಳದ ಸುಮಾರು 65 ಪ್ರತಿಶತ, ಗರಿಷ್ಠ ತಿಂಗಳಿಗೆ 1,800 ಯೂರೊ. 2024ರ ಏಪ್ರಿಲ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಸಾಮಾನ್ಯ ಸಂದರ್ಭದಲ್ಲಿ ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ ಪೂರ್ಣ ಭತ್ಯೆ ಪಡೆಯಲು ಸಾಧ್ಯವಿರುವುದು ಮೊದಲ ವರ್ಷದಲ್ಲಿ ಒಂದೇ ತಿಂಗಳು. ಭತ್ಯೆ ಬೇಕಾದವರು ಕನಿಷ್ಠ ಎರಡು ತಿಂಗಳು ತೆಗೆದುಕೊಳ್ಳಬೇಕು. ನನ್ನ ಸಲಹೆ: ಮೊದಲ ತಿಂಗಳು ಭತ್ಯೆ ಸಹಿತ, ಎರಡನೆಯ ತಿಂಗಳು ವಾರ್ಷಿಕ ರಜೆಯನ್ನೂ ಸಂಬಳವಿಲ್ಲದ ಪೋಷಕ ರಜೆಯನ್ನೂ ಸೇರಿಸಿ, ಭತ್ಯೆಯ ಇನ್ನೊಂದು ತಿಂಗಳನ್ನು ನೀವು ಕೆಲಸಕ್ಕೆ ಮರಳುವ ಹೊತ್ತಿಗೆ. ಈ ತಿಂಗಳುಗಳು ಕ್ಯಾಲೆಂಡರಿನ ತಿಂಗಳುಗಳಲ್ಲ, ಮಗು ಹುಟ್ಟಿದ ತಾರೀಖಿನಿಂದ ಎಣಿಸುವ ತಿಂಗಳುಗಳು. ‘ಒಂದನೇ ತಾರೀಖಿನಿಂದ’ ಎಂದು ಬರೆದು ಭತ್ಯೆ ಕಳೆದುಕೊಳ್ಳಬೇಡಿ. ನಿಮ್ಮ ಸಂಬಳದ ಚಿಂತೆ ಈಗ ಬೇಡ: ಹೆರಿಗೆಗೆ 6 ವಾರ ಮೊದಲು, 8 ವಾರ ನಂತರ ತಾಯ್ತನದ ರಕ್ಷಣೆಯ ಅವಧಿಯಲ್ಲಿ ವಿಮೆ ಮತ್ತು ಕಚೇರಿ ಸೇರಿ ಕೈಗೆ ಬರುವ ಮೊತ್ತವನ್ನು ತುಂಬಿಕೊಡುತ್ತವೆ.

ಈಗ ಹೆಬಾಮೆ. ಜರ್ಮನಿಯ ಸೂಲಗಿತ್ತಿ. ಹೆರಿಗೆಯಾದ ಮೇಲೆ ಮನೆಗೇ ಬಂದು ತಾಯಿಯ ಹೊಲಿಗೆ, ಗರ್ಭಕೋಶ, ಮೊಲೆ, ಕೂಸಿನ ತೂಕ, ಹೊಕ್ಕುಳು ಎಲ್ಲವನ್ನೂ ನೋಡುವವರು. ಮೊದಲ 10 ದಿನ ದಿನವೂ ಬರಬಹುದು, ಆಮೇಲೆ 12 ವಾರದವರೆಗೆ ಅಗತ್ಯವಿದ್ದಂತೆ, ಖರ್ಚು ಸರ್ಕಾರಿ ಆರೋಗ್ಯ ವಿಮೆಯದು. ನಿಮ್ಮ ಪತ್ರದಲ್ಲಿ ಅವರ ಸುದ್ದಿಯೇ ಇಲ್ಲದ್ದರಿಂದ ಇನ್ನೂ ಗೊತ್ತು ಮಾಡಿಲ್ಲ ಎಂದುಕೊಳ್ಳುತ್ತೇನೆ. ಅಮ್ಮ ಬರುತ್ತಾರಲ್ಲ ಎಂದು ಬಿಟ್ಟಿರುತ್ತೀರಿ, ನಮ್ಮವರಲ್ಲಿ ಅನೇಕರು ಹಾಗೆಯೇ ಬಿಡುತ್ತಾರೆ. ಈಗ ತಡವಾಗಿದೆ, ದೊಡ್ಡ ಊರುಗಳಲ್ಲಿ ಮೊದಲ ತಿಂಗಳುಗಳಲ್ಲೇ ಗೊತ್ತು ಮಾಡಿಕೊಳ್ಳುತ್ತಾರೆ. ಆದರೂ ವಿಮಾ ಸಂಸ್ಥೆಯನ್ನೂ ಹೆರಿಗೆ ಆಸ್ಪತ್ರೆಯನ್ನೂ ಪಟ್ಟಿ ಕೇಳಿ ಒಬ್ಬೊಬ್ಬರಿಗೂ ಫೋನ್ ಮಾಡಿ. ‘ತಾಯಿ ಬರಬೇಕಿತ್ತು, ಬರಲಾಗುತ್ತಿಲ್ಲ, ಮನೆಯಲ್ಲಿ ನಾವಿಬ್ಬರೇ’ ಎಂದು ಮೊದಲ ವಾಕ್ಯದಲ್ಲೇ ಹೇಳಿ. ಸಂಕೋಚಪಟ್ಟು ‘ಜಾಗ ಇದೆಯೇ’ ಎಂದಷ್ಟೇ ಕೇಳಿದರೆ ಇಲ್ಲ ಎಂಬ ಉತ್ತರ ಸುಲಭವಾಗಿ ಬರುತ್ತದೆ.

ಮನೆಗೆಲಸಕ್ಕೂ ದಾರಿ ಇದೆ. ಬಸಿರು ಅಥವಾ ಹೆರಿಗೆಯ ಕಾರಣದಿಂದ ಮನೆ ನಡೆಸಲಾಗದ ಸ್ಥಿತಿ ಬಂದು, ಮನೆಯಲ್ಲಿ ಬೇರೆ ಯಾರೂ ಮಾಡುವವರಿಲ್ಲದಿದ್ದರೆ ಸರ್ಕಾರಿ ವಿಮೆಯವರು ಹೌಸ್‌ಹಾಲ್ಟ್ಸ್‌ಹಿಲ್ಫೆ, ಅಂದರೆ ಅಡುಗೆ, ಬಟ್ಟೆ, ಸಾಮಾನು ತರುವುದಕ್ಕೆಲ್ಲ ಆಳನ್ನು ಕೊಡುತ್ತಾರೆ. ವೈದ್ಯರ ಅಥವಾ ಸೂಲಗಿತ್ತಿಯ ಪತ್ರ ಬೇಕು. ಅರ್ಜಿ ನಮೂನೆಯನ್ನು ಈಗಲೇ ತರಿಸಿಡಿ. ಸಿಸೇರಿಯನ್ ಆಗಿ, ಗಂಡನ ರಜೆಯೂ ಮುಗಿದ ಹೊತ್ತಿಗೆ ಇದು ದೊಡ್ಡ ಆಸರೆ. 2002ರಲ್ಲಿ ಹ್ಯಾಂಬರ್ಗಿನಲ್ಲಿ ಶುರುವಾದ ವೆಲ್ಕಮ್ ಎಂಬ ಸಂಸ್ಥೆಯ ಸ್ವಯಂಸೇವಕರು ವಾರಕ್ಕೆ ಕೆಲವು ಗಂಟೆ ಬಂದು ಮಗುವನ್ನು ನೋಡಿಕೊಂಡು ತಾಯಿಗೆ ಮಲಗಲು ಬಿಡುತ್ತಾರೆ, ಅವರನ್ನೂ ವಿಚಾರಿಸಿ. ಊರಿನ ಕನ್ನಡ ಕುಟುಂಬಗಳು ‘ಏನಾದರೂ ಬೇಕಿದ್ದರೆ ಹೇಳಿ’ ಎನ್ನುತ್ತವೆ. ಹೇಳಿಯೇ ಬಿಡಿ. ‘ಮಂಗಳವಾರದ ಸಾರು ನಿಮ್ಮದು, ಶುಕ್ರವಾರದ ಪಲ್ಯ ನಿಮ್ಮದು’ ಎಂದು ವಾರ ಹಂಚಿಕೊಟ್ಟರೆ ಜನ ಖುಷಿಯಿಂದ ಮಾಡುತ್ತಾರೆ. ಏನು ಮಾಡಬೇಕೆಂದು ಗೊತ್ತಾಗದೆ ಹಿಂಜರಿಯುವವರೇ ಹೆಚ್ಚು.

ಅಮ್ಮನ ಕೆಲಸ ಇಲ್ಲಿಗೆ ಮುಗಿಯಲಿಲ್ಲ, ಬದಲಾಗಿದೆ. ಅವರು ಕಲಿಸಬೇಕು, ಅಳಿಯ ಕಲಿಯಬೇಕು. ಉಳಿದಿರುವ ಒಂಬತ್ತು ವಾರದಲ್ಲಿ ವಾರಕ್ಕೊಂದು ದಿನ ಅತ್ತೆ–ಅಳಿಯ ಇಬ್ಬರೇ ವಿಡಿಯೊ ಕರೆಯಲ್ಲಿ ಅಡುಗೆ ಮಾಡಲಿ, ನೀವು ನಡುವೆ ಬಾಯಿ ಹಾಕಬೇಡಿ. ಮೆಣಸಿನ ಸಾರು, ಬೆಳ್ಳುಳ್ಳಿ ಒಗ್ಗರಣೆ, ಸಬ್ಬಸಿಗೆ ಸೊಪ್ಪಿನ ಪಲ್ಯ, ಅಂಟಿನುಂಡೆ, ಇಷ್ಟು ಬಂದರೆ ಸಾಕು. ಸಬ್ಬಸಿಗೆ ಅಲ್ಲಿಯ ಯಾವ ಅಂಗಡಿಯಲ್ಲೂ ಡಿಲ್ ಎಂದು ಕಟ್ಟಿಟ್ಟಿರುತ್ತಾರೆ. ತುಪ್ಪವನ್ನು ಊರಿಂದ ತರಿಸಬೇಡಿ: ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥಗಳನ್ನು ಸಾಮಾನಿನಲ್ಲಾಗಲಿ ಅಂಚೆಯಲ್ಲಾಗಲಿ ತರುವಂತಿಲ್ಲ, ಸುಂಕದವರು ತೆಗೆದಿಟ್ಟುಕೊಳ್ಳುತ್ತಾರೆ. ಉಪ್ಪು ಹಾಕದ ಜರ್ಮನ್ ಬೆಣ್ಣೆ ಕಾಯಿಸಿದರೆ ಮನೆ ತುಂಬ ಘಮಘಮಿಸುವ ತುಪ್ಪವಾಗುತ್ತದೆ. ಸಾರಿನ ಪುಡಿಯನ್ನು ನಿಮ್ಮ ಗಂಡ ಹೆರಿಗೆಗೆ ಮೊದಲೇ ಹುರಿದು ಪುಡಿ ಮಾಡಿಡಲಿ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುವುದರಿಂದ ಶನಿವಾರದ ಸಾಮಾನಿನ ಚೀಟಿಯನ್ನು ಅವರೇ ಬರೆಯುವ ರೂಢಿಯೂ ಈಗಲೇ ಆಗಲಿ.

ಕೂಸಿಗೆ ನೀರು ಹಾಕುವುದನ್ನು ಮಾತ್ರ ಚೆನ್ನಾಗಿ ಯೋಚಿಸಿ, ಏಕೆಂದರೆ ಅಮ್ಮ ಹೇಳಿದ ಹಾಗೆ ಅಲ್ಲಿ ಮಾಡಲಾಗುವುದಿಲ್ಲ. ಅಲ್ಲಿಯ ಅನೇಕ ಬಚ್ಚಲುಗಳಲ್ಲಿ ನೆಲದ ಮೇಲೆ ನೀರು ಹೋಗುವ ತೂತೇ ಇರುವುದಿಲ್ಲ. ಮಣೆ ಹಾಕಿ ಕಾಲು ಚಾಚಿ ಕುಳಿತು ಎರೆದರೆ ಕೆಳಗಿನ ಮನೆಯವರ ಚಾವಣಿ ತೊಟ್ಟಿಕ್ಕುತ್ತದೆ. ಕಾಲ ಮೇಲೇ ಮಲಗಿಸಿ ಎರೆಯಬೇಕೆಂದಿದ್ದರೆ ನಿಮ್ಮ ಗಂಡ ಒಣ ಬಾತ್‌ಟಬ್ಬಿನ ಒಳಗೇ, ಜಾರದ ರಬ್ಬರು ಹಾಸಿನ ಮೇಲೆ ಕಾಲು ಚಾಚಿ ಕುಳಿತುಕೊಳ್ಳಲಿ, ನೀವು ಹೊರಗಿನಿಂದ ಕೂಸನ್ನು ಕೊಡಿ, ಎರೆದ ಮೇಲೆ ನೀವೇ ಟವಲಿನಲ್ಲಿ ಎತ್ತಿಕೊಳ್ಳಿ. ಎಣ್ಣೆ ಹಚ್ಚಿದ ಕೂಸನ್ನು ಹಿಡಿದು ಟಬ್ಬಿನಿಂದ ಯಾರೂ ಎದ್ದು ದಾಟಬಾರದು. ನೀರು 37 ಡಿಗ್ರಿ, ಅಳೆಯುವ ಮಾಪಕ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಮೈ ಕೆಂಪಾಗುವಷ್ಟು ಬಿಸಿ ಬೇಡವೇ ಬೇಡ. ದಿನವೂ ಎರೆಯುವುದು ಬೇಡ, ವಾರಕ್ಕೆ ಒಂದೆರಡು ಸಲ ಸಾಕು ಎಂದು ಹೆಬಾಮೆ ಹೇಳುತ್ತಾರೆ, ಅವರು ಹೇಳಿದಂತೆ ನಡೆಯಿರಿ. ಉಳಿದ ದಿನ ಎಣ್ಣೆ ಸವರಿ ಒರೆಸಿದರೆ ಅಮ್ಮನಿಗೂ ಸಮಾಧಾನ. ಸಾಂಬ್ರಾಣಿ ಹೊಗೆ ಹಾಕಬೇಡಿ. ಚಾವಣಿಯ ಹೊಗೆ ಸೂಚಕ ಕಿರುಚಿ ಕಟ್ಟಡವೆಲ್ಲ ಎದ್ದು ಬರುತ್ತದೆ, ಕೂಸಿನ ಶ್ವಾಸಕೋಶಕ್ಕೂ ಅದು ಒಳ್ಳೆಯದಲ್ಲ.

ಅಮ್ಮನ ಮಾತಿಗೂ ಹೆಬಾಮೆಯ ಮಾತಿಗೂ ಜಗಳ ಬಂದೇ ಬರುತ್ತದೆ. ಟೋಪಿ, ಸ್ವೆಟರ್, ಕಂಬಳಿ ಎಲ್ಲ ಹೊದಿಸು ಎಂದು ಅಮ್ಮ ಹೇಳಿದರೆ, ಮಲಗುವ ಕೋಣೆ 16ರಿಂದ 18 ಡಿಗ್ರಿ ಇರಲಿ, ತಲೆಗೆ ಏನೂ ಬೇಡ, ಅಂಗಾತ ಮಲಗಿಸಿ, ಕಂಬಳಿಯ ಬದಲು ಮಲಗುವ ಚೀಲ ಹಾಕಿ ಎಂದು ಹೆಬಾಮೆ ಹೇಳುತ್ತಾರೆ. ಮಗುವಿನ ಉಸಿರು, ನಿದ್ದೆ, ಬಾಯಿಗೆ ಹಾಕುವ ವಸ್ತು, ಈ ಮೂರರಲ್ಲಿ ಹೆಬಾಮೆ ಮತ್ತು ಮಕ್ಕಳ ವೈದ್ಯರ ಮಾತೇ ಕೊನೆಯದಾಗಲಿ. ಜೇನುತುಪ್ಪ ಒಂದು ವರ್ಷ ತುಂಬುವವರೆಗೆ ನೆಕ್ಕಿಸಲೇಬಾರದು, ಬಾಟ್ಯುಲಿಸಂ ಎಂಬ ಪ್ರಾಣಾಪಾಯದ ಕಾಯಿಲೆ ಬರಬಹುದು. ಬಜೆ ತೇಯ್ದು ಹಾಕುವುದೂ ಬೇಡ. ನಿಮ್ಮ ಊಟ, ನಿಮ್ಮ ತಲೆಗೆ ಸುತ್ತುವ ಬಟ್ಟೆ, ಕಿವಿಗಿಡುವ ಹತ್ತಿ, ಇವೆಲ್ಲ ಅಮ್ಮ ಹೇಳಿದಂತೆಯೇ ನಡೆಯಲಿ, ಅದರಿಂದ ಕೆಡುವುದು ಏನೂ ಇಲ್ಲ. ಒಂದು ಬಿಟ್ಟು: ಬಾಣಂತಿ ನೀರು ಕಡಿಮೆ ಕುಡಿಯಬೇಕು ಎನ್ನುವ ಮನೆಗಳಿವೆ. ಹಾಲೂಡಿಸುವವರು ಬಾಯಾರಿದಷ್ಟೂ ಕುಡಿಯಬೇಕು.

ಬೇಸಿಗೆ ಸಮಯದಲ್ಲಿ ಊರಿಗೂ ನಿಮಗೂ ಮೂರೂವರೆ ಗಂಟೆ ಅಂತರ, ಚಳಿಗಾಲದಲ್ಲಿ ನಾಲ್ಕೂವರೆ. ನಡುರಾತ್ರಿ ಮೂರಕ್ಕೆ ನೀವು ಹಾಲೂಡಿಸಲು ಎದ್ದಾಗ ಹಾಸನದಲ್ಲಿ ಬೆಳಗಿನ ಆರೂವರೆಯೋ ಏಳೂವರೆಯೋ ಆಗಿರುತ್ತದೆ, ಅಮ್ಮ ಕಾಫಿಗೆ ನೀರಿಟ್ಟಿರುತ್ತಾರೆ. ಹಗಲಿನ ಕರೆಗಳಿಗಿಂತ ಆ ಹೊತ್ತಿನ ಕರೆ ನಿಮಗೆ ಹೆಚ್ಚು ಬೇಕಾಗುತ್ತದೆ. ಅಪ್ಪನ ವಿಚಾರವನ್ನೂ ಆಗಲೇ ಕೇಳಿ. ಬಾಣಂತಿಗೆ ಏಕೆ ಹೇಳಬೇಕು ಎಂದು ಅವರು ಮುಚ್ಚಿಡದಂತೆ, ನಿಜವನ್ನೇ ಹೇಳಬೇಕೆಂಬ ಮಾತನ್ನು ಈಗಲೇ ತೆಗೆದುಕೊಳ್ಳಿ. ಮುಚ್ಚಿಟ್ಟ ಸುದ್ದಿ ದೂರದಲ್ಲಿರುವವರನ್ನು ಹೆಚ್ಚು ಹಿಂಡುತ್ತದೆ.

ನಿಮ್ಮ ಬಗ್ಗೆ ನನಗೆ ಇರುವ ನಿಜವಾದ ಕಾಳಜಿ ಗಂಡ ಕೆಲಸಕ್ಕೆ ಮರಳಿದ ಮೇಲಿನ ದಿನಗಳದು. ಹೆರಿಗೆಯಾದ ಮೂರು–ಐದು ದಿನಕ್ಕೆ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ, ತಾನಾಗಿ ಹೋಗುತ್ತದೆ. ಎರಡು ವಾರ ದಾಟಿದರೂ ಅಳು ನಿಲ್ಲದಿದ್ದರೆ, ಕೂಸು ಮಲಗಿದ್ದರೂ ನಿಮಗೆ ನಿದ್ದೆ ಬಾರದಿದ್ದರೆ, ಕೂಸನ್ನು ನೋಡಿದರೆ ಏನೂ ಅನ್ನಿಸದಿದ್ದರೆ, ‘ನಾನಿಲ್ಲದಿದ್ದರೇ ಚೆನ್ನ’ ಎಂಬ ಯೋಚನೆ ಬಂದರೆ ಅಮ್ಮ ಬರಲಿಲ್ಲ ಎಂಬ ಬೇಸರ ಎಂದುಕೊಂಡು ಸುಮ್ಮನಿರಬೇಡಿ. ಅದು ಹೆರಿಗೆಯ ನಂತರದ ಖಿನ್ನತೆ ಆಗಿರಬಹುದು, ಅದಕ್ಕೆ ಚಿಕಿತ್ಸೆ ಇದೆ. ಹೆಬಾಮೆಗೋ ಸ್ತ್ರೀರೋಗ ತಜ್ಞರಿಗೋ ಅದೇ ದಿನ ಹೇಳಿ. ವೈದ್ಯರು ಸಿಗದ ಹೊತ್ತಿನಲ್ಲಿ 116117, ಜೀವಕ್ಕೆ ಅಪಾಯವೆನಿಸಿದರೆ 112. ಷಾಟನ್ ಉಂಡ್ ಲಿಷ್ಟ್ ಎಂಬ ಸಂಘ ಇಂಥ ತಾಯಂದಿರಿಗಾಗಿಯೇ ಇದೆ. ಈ ಲಕ್ಷಣಗಳನ್ನು ನಿಮಗಿಂತ ಹೆಚ್ಚಾಗಿ ನಿಮ್ಮ ಗಂಡ ತಿಳಿದಿರಬೇಕು, ಏಕೆಂದರೆ ಆ ಸ್ಥಿತಿಯಲ್ಲಿ ಇರುವವರಿಗೆ ಫೋನ್ ಎತ್ತುವ ಶಕ್ತಿಯೂ ಇರುವುದಿಲ್ಲ.

ಅತ್ತೆಯವರ ವೀಸಾ. ಜರ್ಮನಿ 2025ರ ಜುಲೈ 1ರಿಂದ ಮೇಲ್ಮನವಿ ಪತ್ರದ ಪದ್ಧತಿಯನ್ನು ತೆಗೆದುಹಾಕಿದೆ. ಈಗ ಉಳಿದಿರುವುದು ಬರ್ಲಿನ್ನಿನ ನ್ಯಾಯಾಲಯ ಅಥವಾ ಹೊಸ ಅರ್ಜಿ. ನ್ಯಾಯಾಲಯಕ್ಕೆ ಹೋಗುವಷ್ಟು ಸಮಯ ನಿಮಗಿಲ್ಲ, ಹೊಸ ಅರ್ಜಿಯೇ ಸರಿ. ತಿರಸ್ಕಾರದ ಪತ್ರದಲ್ಲಿ ಯಾವ ಕಾರಣಕ್ಕೆ ಗುರುತು ಹಾಕಿದ್ದಾರೆ ನೋಡಿ. ‘ಹಿಂದಿರುಗುವ ಉದ್ದೇಶ ಖಚಿತವಿಲ್ಲ’ ಎಂದಿದ್ದರೆ ಊರಲ್ಲಿ ಅವರಿಗೆ ಏನೇನು ಇದೆ ಎಂಬುದಕ್ಕೆ ಕಾಗದ ತೋರಿಸಬೇಕು: ಪಿಂಚಣಿ ಪುಸ್ತಕ, ಮನೆ ಕಂದಾಯದ ರಸೀದಿ, ಪಹಣಿ, ಅಲ್ಲಿರುವ ಮಕ್ಕಳು ಮೊಮ್ಮಕ್ಕಳ ವಿವರ, ಹಿಂದಿರುಗುವ ಟಿಕೆಟ್ಟಿನ ಕಾಯ್ದಿರಿಸುವಿಕೆ. ಖರ್ಚಿನ ಹೊಣೆ ಹೊತ್ತು ನೀವು ಜರ್ಮನಿಯಲ್ಲಿ ಮಾಡಿಸುವ ಹೊಣೆಪತ್ರ ಆ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಶುಲ್ಕ 90 ಯೂರೊ, ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೆ. ಅರ್ಜಿ ಹಾಕಿ, ಆದರೆ ಅವರು ಬರುತ್ತಾರೆಂದು ಲೆಕ್ಕ ಹಾಕಬೇಡಿ. ಬಂದರೆ ಅದು ಮೇಲಿನ ಸಂತೋಷ.

ಅಮ್ಮನಿಗೆ ಸಿಕ್ಕಿರುವ ವೀಸಾ ನಮೂದಾದ ತಾರೀಖಿನೊಳಗೆ ಮಾತ್ರ ನಡೆಯುತ್ತದೆ. ಅದು ಮುಗಿದರೆ ಹೊಸದು ಮಾಡಿಸಿ, ಮಗುವಿನ ಐದನೆಯ ತಿಂಗಳ ಹೊತ್ತಿಗೆ ಕರೆಸಿಕೊಳ್ಳಿ. 180 ದಿನದಲ್ಲಿ 90 ದಿನವಷ್ಟೇ ಉಳಿಯಬಹುದು ಎಂಬ ನಿಯಮ ಆಗಲೂ ಅದೇ. ಕೂಸು ಮುಖ ನೋಡಿ ನಗುವ, ಮಗ್ಗುಲಾಗುವ ಕಾಲ ಅದು. ತೊಟ್ಟಿಲ ಶಾಸ್ತ್ರವನ್ನು ಆಗ ಮಾಡಿದರೆ ಯಾವ ದೋಷವೂ ಇಲ್ಲ. ಹೆಸರನ್ನು ಮಾತ್ರ ಅಲ್ಲಿಯವರೆಗೆ ತಡೆಹಿಡಿಯಲಾಗದು: ಜನನವನ್ನು ಒಂದು ವಾರದೊಳಗೆ ನೋಂದಾಯಿಸಬೇಕು, ಹೆಸರು ಆಗ ಗೊತ್ತಿಲ್ಲದಿದ್ದರೆ ಒಂದು ತಿಂಗಳೊಳಗೆ ತಿಳಿಸಬೇಕು. ನೋಂದಣಿ ಕಚೇರಿಗೆ ಈಗಲೇ ಹೋಗಿ ಯಾವ ಕಾಗದ ಬೇಕೆಂದು ಕೇಳಿ, ಮದುವೆಯ ಪ್ರಮಾಣಪತ್ರ ಮತ್ತು ನಿಮ್ಮಿಬ್ಬರ ಜನನ ಪ್ರಮಾಣಪತ್ರಗಳ ಜರ್ಮನ್ ಅನುವಾದ ಮಾಡಿಸಿಡಿ. ನಮ್ಮ ಇನಿಷಿಯಲ್ ಪದ್ಧತಿ ಅಲ್ಲಿ ಗೊಂದಲ ತರುತ್ತದೆ, ಮಗುವಿನ ಉಪನಾಮವನ್ನು ನೀವಿಬ್ಬರೂ ಮೊದಲೇ ಒಪ್ಪಿಕೊಂಡಿರಿ. ಆ ಪ್ರಮಾಣಪತ್ರ ಬಂದ ಮೇಲೆ ಭಾರತೀಯ ಕಾನ್ಸುಲೇಟಿನಲ್ಲಿ ಒಂದು ವರ್ಷದೊಳಗೆ ಜನನ ನೋಂದಣಿ ಮಾಡಿಸಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ. ಅಪ್ಪನಿಗೆ ಮೊಮ್ಮಗುವನ್ನು ತೋರಿಸಲು ಹೊರಡುವ ಟಿಕೆಟ್ಟನ್ನು ಮಗುವಿನ ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ ಎರಡೂ ಕೈಗೆ ಬಂದ ಮೇಲೆಯೇ ತೆಗೆಯಿರಿ. ಪರವಾನಗಿ ಇಲ್ಲದೆ ಹೊರಟರೆ ಹಿಂದಿರುಗುವಾಗ ಕೂಸಿಗೆ ವೀಸಾ ಬೇಕಾಗುತ್ತದೆ.